ಹಿಂದಕ್ಕೊಂದು ದೀಪ

ಓಪುವೋ ಎಂದರೆ ನಮ್ಮ ಮಾತಿನಲ್ಲಿ ಸಾಕು, ಮುಗಿಯಿತು.
ಡಾಂಬರೂ ಇಲ್ಲಿಗೇ ಮುಗಿಯುತ್ತದೆ, ನನ್ನ ಶೆಡ್ಡಿನ ಗೇಟಿಗೆ.
ಆಮೇಲೆ ಜಲ್ಲಿ, ಮರಳು, ಒಣಗಿದ ನದಿಗಳು,
ಅವುಗಳ ನಡುವೆ ಎಲ್ಲೋ
ಸಿಸ್ಟರ್ ಕವೆಟುನಾಳ ದವಾಖಾನೆ ಗಾಡಿ.

ಹೋದ ತಿಂಗಳು ಹೋವಾರುಸಿಬ್ ನದಿಯ ಪಾತ್ರ
ಅದನ್ನು ಅಚ್ಚಿನವರೆಗೆ ನುಂಗಿತ್ತು.
ಜಾಕು ಇತ್ತು. ಎಲ್ಲಿ? ಸೀಟಿನ ಕೆಳಗೆ.
ಅದರ ಮೇಲೆ ಲಸಿಕೆಯ ಡಬ್ಬ, ಡಬ್ಬದ ಮೇಲೆ ಸ್ಟ್ರೆಚರು,
ಸ್ಟ್ರೆಚರಿನ ಮೇಲೆ ನೋವು ತಿನ್ನುತ್ತಿದ್ದ ಬಸುರಿ.
ಸ್ವಲ್ಪ ಏಳಮ್ಮ, ಜಾಕು ಬೇಕು, ಅನ್ನಲಾದೀತೆ?
ಊಟದ ತಟ್ಟೆಯಲ್ಲಿ ಮರಳು ತೋಡಿದಳಂತೆ, ಬೆಳಗಿನವರೆಗೆ.

ಅದಕ್ಕೇ ಇವತ್ತು ಈ ಕಬ್ಬಿಣದ ಕೊಕ್ಕರೆ ಹೊರಗೆ ಬರಬೇಕು:
ನಾಲ್ಕಡಿ ಉದ್ದ, ಮೈತುಂಬ ತೂತು, ನಿಲ್ಲುವುದು ಒಂಟಿಕಾಲಲ್ಲಿ.
ಬಾನೆಟ್ಟಿನ ಮೇಲೆ ಕೂರಿಸಿದರೆ ಫೋಟೋಕ್ಕೆ ಚೆಂದ;
ಪ್ರವಾಸಿಗಳು ಹಾಗೇ ಹಾಕಿಸಿಕೊಂಡು ಹಳ್ಳ ಕಾಣದೆ ಬೀಳುತ್ತಾರೆ.
ಮಾಡಿನ ಮೇಲಿಟ್ಟರೆ ಸಿಸ್ಟರಿಗೆ ಎಟುಕದು,
ಐದಡಿಗೆ ಒಂದಂಗುಲ ಕಡಿಮೆ ಆಕೆ, ಜಗಳದಲ್ಲಿ ಮಾತ್ರ ಏಳಡಿ.
ಹಿಂಬಾಗಿಲಿಗೆ ಹಾಕೋಣವೆ ಎಂದೆ.
'ದಿನಕ್ಕೆ ನಲವತ್ತು ಸಲ ತೆಗೆಯುವ ಬಾಗಿಲು.
ಪ್ರತಿ ಸಲ ಹದಿಮೂರು ಕಿಲೋ ಎಳೆಯಲೆ?'

ಸರಿ. ಎಡ ಮಗ್ಗುಲು, ಆಕೆಯ ಭುಜದ ಮಟ್ಟಕ್ಕೆ.
ತಗಡು ಒಂಟಿಯಾಗಿ ಭಾರ ಹೊರದು,
ಒಳಗಿನಿಂದ ದಪ್ಪ ಪಟ್ಟಿಯೊಂದು ಬೆನ್ನಿಗೆ ಕೊಟ್ಟೆ.
ಜಲ್ಲಿರಸ್ತೆ ನಟ್ಟು ಬಿಚ್ಚುತ್ತದೆ,
ಚಾಡಿಕೋರ ನೆಂಟನ ಹಾಗೆ, ಮೆಲ್ಲಗೆ, ದಿನಾ.
ವಾಷರು, ನಡುವೆ ರಬ್ಬರು. ಇಲ್ಲದಿದ್ದರೆ
ಮುನ್ನೂರು ಕಿಲೋಮೀಟರು ಗಡಗಡ ಅಂದು
ಮಲಗಿದವರ ಹಲ್ಲು ಉದುರಿಸೀತು.
ಹುಡುಗ ತಿಪೋಸ ಹಳೇ ಟ್ಯೂಬು ಕತ್ತರಿಸಿ
ಜಾಕಿನ ಗಂಟಿಗೆ ಕಾಲುಚೀಲ ಹೊಲಿದ.
ಮರಳು ಹೊಕ್ಕರೆ ಪಿನ್ನು ಕಚ್ಚುವುದಿಲ್ಲ,
ಕಚ್ಚದಿದ್ದರೆ ಹಿಡಿಕೆ ಹಾರಿ ದವಡೆ ಮುರಿಯುತ್ತದೆ.
ನನ್ನದು ನೋಡಿ. ಎಡಗಡೆ.

ದೀಪ ಎರಡು, ಬಂಪರಿಗೆ. ಮಾಡಿಗೆ ಬೇಡ,
ಅಲ್ಲಿಂದ ಬೆಳಕು ಬಾನೆಟ್ಟಿಗೆ ಬಡಿದು ಕಣ್ಣಿಗೇ ಮರಳುತ್ತದೆ.
ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಲೇಗೆ.
ಕಪ್ಪು ತಂತಿಗೆ ಬಣ್ಣ ಕೆರೆದು ಬರಿ ಲೋಹ ತೋರಿಸಬೇಕು;
ಬಣ್ಣದ ಮೇಲೆ ಕೂತ ತಂತಿ
ಬಾಯಿಮಾತಿನ ಸಂಬಂಧ.

'ಮೂರನೆಯದು?' ಎಂದಳು.
ಮೂರನೆಯದು?
'ಹಿಂದಕ್ಕೆ.'
ನಕ್ಕೆ. ಇಪ್ಪತ್ತಾರು ವರ್ಷ ಗಾಡಿಗಳ ಹೊಟ್ಟೆಯಡಿ ಮಲಗಿದವನು,
ಹಿಮ್ಮುಖ ಹೋಗುವವರಿಗೆ ಅಷ್ಟು ಬೆಳಕು ಯಾಕೆ?
ಪಾನಾ ಪೆಟ್ಟಿಗೆಯ ಮೇಲೆ ಕೂತು ಆಕೆ ಬೂಟಿನ ಮರಳು ಕೊಡವಿದಳು.
'ಓಡಿಸೋದು ಮುಂದಕ್ಕೆ, ತಾಟೆ. ನನ್ನ ಕೆಲಸ ಇರೋದು ಹಿಂದೆ.
ಆ ರಾತ್ರಿ ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ.
ಜೊಲ್ಲು ಸುರಿದು ಮಗುವಿನ ಹಣೆಗೆ ಬಿತ್ತು.
ಅದರ ಮೈಗೆ ತಾಗಿದ ಮೊದಲ ನೀರು ಅದು.'

ಮಗು ಹೇಗಿದೆ ಅಂತ ನಾನು ಕೇಳಲಿಲ್ಲ.
ಆಕೆಯೂ ಹೇಳಲಿಲ್ಲ.

ಚಪ್ಪಟೆ ದೀಪವೊಂದನ್ನು ಹುಡುಕಿದೆ,
ದೂರ ಹೊಡೆಯದ್ದು, ಹರಡಿಕೊಳ್ಳುವಂಥದ್ದು.
ಕತ್ತಲಾದ ಮೇಲೆ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ
ಮುಂದಿನವನ್ನು ಸರಿಮಾಡಿದೆವು, ಹತ್ತು ನಿಮಿಷ.
ಹಿಂದಿನದಕ್ಕೆ ಗೋಡೆ ಸಾಲಲಿಲ್ಲ.
ತಿಪೋಸನನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಅವನು ಕಿಸಿಕಿಸಿ ನಗುತ್ತಿರಲು,
ಆಕೆ ಗಾಳಿಯಲ್ಲಿ ಕೈಯಾಡಿಸಿದಳು:
ಹಿಡಿದಳು, ತಿರುಗಿಸಿದಳು, ಯಾರನ್ನೋ ಎತ್ತಿಕೊಂಡಳು.
ಹುಡುಗನ ನಗು ನಿಂತಿತು.
ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಐದನೆಯ ಸಲ
ಕೈಯ ನೆರಳು ಕೈಯಡಿಯಲ್ಲೇ ಅಡಗಿತು.

ಬೋಲ್ಟು ಬಿಗಿದು ಹೇಳಿದೆ: ಓಪುವೋ.
'ಇನ್ನೊಂದು ಸುತ್ತು' ಎಂದಳು.
ಎಳೆ ಹರಿದೀತೆಂದು ಹೆದರುತ್ತಲೇ ತಿರುಗಿಸಿದೆ.
ಒಂದು ಸುತ್ತಿಗೆ ಜಾಗ ಇತ್ತು.