ರುಚಿ ನೋಡಿದವರ ಸಹಿ

ಗ್ರಿಮ್ಸ್‌ಬಿ ಬಂದರಿನ ಹೊಗೆಮನೆಯೊಳಗೆ
ನೂರು ವರ್ಷದ ಹೊಗೆಜಿಡ್ಡು ಗೋಡೆಗಂಟಿ ಮಿರುಗುತ್ತದೆ,
ಈಗಷ್ಟೇ ಬಳಿದ ಹಾಗೆ, ಒದ್ದೆಯ ಹಾಗೆ.
ಕಂಬಿಗೆ ಜೋತ ಹ್ಯಾಡಕ್ ಮೀನುಗಳ ಸಾಲಲ್ಲಿ
ಬಿಳಿ ಕೋಟು, ತಲೆಗೆ ಬಲೆಟೋಪಿ, ಕೈಯಲ್ಲಿ ಥರ್ಮಾಮೀಟರು;
ಕುಷ್ಟಗಿ ಸಂತೆಯ ಒಣಮೀನಷ್ಟೇ ಗೊತ್ತಿದ್ದ ನಾನು
ಸಮುದ್ರದ ಮೀನಿಗೆ ಜ್ವರ ನೋಡುತ್ತಿದ್ದೇನೆ.

ಇಪ್ಪತ್ತೆಂಟು ಡಿಗ್ರಿ.

ಪಾಠದ ಪ್ರಕಾರ ಎಂಟರಿಂದ ಅರವತ್ಮೂರು ಅಪಾಯದ ಸೀಮೆ;
ಅಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ,
ಬೆಳಗಾಗುವುದರೊಳಗೆ ಒಂದು ಜಿಲ್ಲೆಯಷ್ಟು ಜನ.
"ರಾತ್ರಿಯಿಡೀ ಇದೇ ಕಾವಲ್ಲಿ ಇಡ್ತೀರಲ್ಲ,
ಇದನ್ನ ಕಾಯೋದು ಯಾವುದು?" ಅಂದೆ.
ಡೆರಿಕ್ ಹೋಲ್‌ಗೇಟ್ ಮೂಗೊರೆಸಿಕೊಂಡು ಹೇಳಿದ:
"ಉಪ್ಪು. ಹೊಗೆ. ಆಮೇಲೆ, ನಾನು ಮಲಗೋದಿಲ್ಲ."
ಮೂರನೆಯದಕ್ಕೆ ನನ್ನ ನಮೂನೆಯಲ್ಲಿ ಕಲಂ ಇರಲಿಲ್ಲ.

ಮೂರು ವಿಶ್ವವಿದ್ಯಾಲಯ, ಒಂದು ಸ್ನಾತಕೋತ್ತರ ಪದವಿ.
ಒಪ್ಪಂದದ ಹಾಳೆಯಲ್ಲಿ ಮೂರು ಮೊಹರು, ಮೂರು ಬಣ್ಣದ ಶಾಯಿ.
ಚಳಿಗಾಲದ ಗುರುವಾರ ಒಂಬತ್ತಕ್ಕೆ ಪರದೆಯ ಮೇಲೆ ಸೇರುತ್ತೇವೆ:
ರಾಯಚೂರಲ್ಲಿ ಉಂಡು ತೂಕಡಿಸುವ ಹೊತ್ತು,
ಕುಮಾಸಿಯಲ್ಲಿ ನಮ್ಮದೇ ಗಡಿಯಾರ, ಬೆವರು ಮಾತ್ರ ಬೇರೆ.
ಅಕೋಸುವಾ ತೋರಿಸುತ್ತಾಳೆ ಎಲೆಯಲ್ಲಿ ಕಟ್ಟಿದ ಅಲಸಂದೆ ಅನ್ನ,
ಅದನ್ನು ಮಾರುವಾಕೆಯ ಮಗು, ಮಗುವಿನ ಮೇಲಿನ ನೊಣ.
ಸಂಗನಬಸವ ತೋರಿಸುತ್ತಾನೆ ಶೇಂಗಾದ ಹಸಿರು ಬೂಷ್ಟು.
ನಾನು, ಈ ಕರಿಗೋಡೆಯನ್ನು.
"ಸ್ಥಳೀಯ ಆಹಾರ" ಎಂದಿದೆ ಕೋರ್ಸಿನ ಹೆಸರಲ್ಲಿ;
ಯಾವ ಸ್ಥಳ ಎಂದು ಯಾರೂ ಕೇಳಿಲ್ಲ ಈವರೆಗೆ.
ನೆಟ್ ಕಡಿದಾಗ ಮೂವರೂ ಒಂದೇ ಥರ ಬಾಯಿ ತೆರೆದು ನಿಲ್ಲುತ್ತೇವೆ.

ಕಳೆದ ವಾರ ಡಾ. ಪೆಟಿಫರ್ ಬರೆಯಲು ಕೊಟ್ಟರು:
ಎಲ್ಲ ಪರೀಕ್ಷೆ ಪಾಸಾಗಿಯೂ ಚೆಲ್ಲಿದ ಊಟವೊಂದರ ಉದಾಹರಣೆ.
ಅಪಾಯ ಯಾವ ಬಗೆ? ಜೈವಿಕ, ರಾಸಾಯನಿಕ, ಭೌತಿಕ.
ಒಂದಕ್ಕೆ ಗುರುತು ಹಾಕಿ.

ಬರೆದೆ:
ಶಾಲೆಯ ಬಿಸಿಯೂಟ. ಅಡುಗೆಯವಳು ನಮ್ಮವ್ವ, ದುರ್ಗವ್ವ.
ಬೇಳೆ ಮೂರು ನೀರಲ್ಲಿ ತೊಳೆದದ್ದು, ಸೌಟು ಕುದಿನೀರಲ್ಲಿ ಅದ್ದಿದ್ದು,
ಸಾರು ಒಲೆಯಿಂದಿಳಿದಾಗ ಕೊತಕೊತ.
ಬಡಿಸುವ ಅರ್ಧ ಗಂಟೆ ಮೊದಲು ಮಾಸ್ತರರು ರುಚಿ ನೋಡಿ
ರಿಜಿಸ್ಟರಲ್ಲಿ ಸಹಿ ಹಾಕಬೇಕು, ಅದು ನಿಯಮ.
"ಇವತ್ತ ಉಪವಾಸ ಐತಿ ನಂದು" ಅಂದರು ಮಾಸ್ತರರು.
ಮರುದಿನವೂ ಉಪವಾಸ. ಹತ್ತು ದಿನ ಉಪವಾಸ.
ಐವತ್ತೊಂದು ಮಕ್ಕಳಲ್ಲಿ ಉಂಡವರು ಒಂಬತ್ತು,
ಒಂಬತ್ತರಲ್ಲಿ ನಾನೊಬ್ಬಳು.
ಉಳಿದ ಸಾರನ್ನು ಅವ್ವ ಬೇವಿನ ಬುಡಕ್ಕೆ ಸುರಿದಳು,
ಇರುವೆಗಳಿಗೆ ಸುಡಬಾರದೆಂದು ಆರುವತನಕ ಕಾದು.

ಗುರುತು ಹಾಕಲಿಲ್ಲ.
ಹಾಳೆ ಮರಳಿ ಬಂತು; ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನಾರ್ಥಕ,
ಅದನ್ನು ರಬ್ಬರಿನಿಂದ ಉಜ್ಜಿದ ಕಲೆ,
ಕೆಳಗೆ: ಇದನ್ನು ಗುರುವಾರ ಓದುತ್ತೀಯಾ?

ಓದಿದೆ. ಅಕೋಸುವಾ ಕಣ್ಣು ತಗ್ಗಿಸಲಿಲ್ಲ.
ಸಂಗನಬಸವ ಕ್ಯಾಮೆರಾ ಆರಿಸಿದ.
ಅವನ ಹೆಸರಷ್ಟೇ ಉಳಿಯಿತು ಕಪ್ಪು ಚೌಕದಲ್ಲಿ, ತರಗತಿ ಮುಗಿಯುವವರೆಗೆ.

ಇವತ್ತು ಡೆರಿಕ್ ಒಂದು ತುಂಡನ್ನು ಹಾಲಲ್ಲಿ ಬೇಯಿಸಿದ.
ಥರ್ಮಾಮೀಟರು ಚುಚ್ಚಿದೆ: ಎಪ್ಪತ್ತೊಂದು.
ನಮೂನೆಯ ಕೊನೆಗೆ, ಸ್ಕೇಲಿಲ್ಲದೆ, ಗೆರೆಯೆಳೆದು
ಒಂದು ಕಲಂ ಕೂಡಿಸಿದೆ: ರುಚಿ ನೋಡಿದವರ ಸಹಿ.
"ಇದೇನು ಹೊಸದು?" ಎನ್ನುತ್ತಲೇ ಅವನು ನನ್ನ ತಟ್ಟೆಯಿಂದ
ನನಗಿಂತ ಮೊದಲು ತಿಂದ, ಬೆರಳು ಚೀಪಿದ,
ಪೆನ್ನಿಗಾಗಿ ಜೇಬು ತಡಕಿದ, ಸಿಗಲಿಲ್ಲ.
ಮಸಿ ಹತ್ತಿದ ಎಡ ಹೆಬ್ಬೆರಳನ್ನು ಹಾಳೆಗೊತ್ತಿದ,

ಅವ್ವ ಸಂಬಳಕ್ಕೆ ಒತ್ತುತ್ತಿದ್ದಳಲ್ಲ, ಹಾಗೆ.