ಮೂರನೇ ಹಿಂಗಾಲು

ಶನಿವಾರದೊಳಗೆ ಬೇಕು ಎಂದು
ತಗಡಿನ ಕೊಳವೆಯಿಂದ ಹಾಳೆ ಬಿಡಿಸಿ
ನಾಲ್ಕು ಮೂಲೆಗೆ ನಾಲ್ಕು ತೂಕದ ಕಲ್ಲಿಟ್ಟು ಹೋದರು
ನಿವೃತ್ತ ಡ್ರಾಯಿಂಗ್ ಮೇಷ್ಟ್ರು.
ಹಾಲೆಂಡಿನದಂತೆ. ಬರೀ ಪೆನ್ಸಿಲ್ಲು.
ಬರೆದವನ ಹೆಸರಿದ್ದ ಅಂಚು ಇಲಿಯ ಪಾಲು.

ನಗರ್ತಪೇಟೆಯ ಈ ಆರಡಿ ಅಂಗಡಿಯಲ್ಲಿ
ನಾನು ಕಟ್ಟು ಹಾಕುವುದು ಲಕ್ಷ್ಮಿಗೆ, ಮೆಕ್ಕಾಗೆ,
ಮೊನ್ನೆ ಮೊನ್ನೆ ತೀರಿಕೊಂಡವರಿಗೆ.
ಕೊಟ್ಟಿಗೆಗೆ ಇದೇ ಮೊದಲು.

ತಗ್ಗು ಸೂರು. ಕೆಸರು. ಮರದ ಜೋಡು ತೊಟ್ಟು
ನಮಗೆ ಬೆನ್ನು ಮಾಡಿ ಹಾಲು ಕರೆಯುವ ಹೆಂಗಸು.
ಮುಕ್ಕಾಲು ಪಾಲು ಆಕಾಶ,
ಅದಕ್ಕವನು ಪೆನ್ಸಿಲ್ಲು ಮುಟ್ಟಿಸಿಯೇ ಇಲ್ಲ,
ಕಾಗದ ತಾನೇ ಮುದಿಯಾಗಿ ಮೋಡ ಕವಿದಿದೆ.

ಹಸುವಿಗೆ ಮಾತ್ರ ಹಿಂಗಾಲು ಮೂರು.
ಒಂದನ್ನು ಉಜ್ಜಿದ್ದಾನೆ, ಹೋಗಿಲ್ಲ.
"ಎಡಕ್ಕೆ ಒಂದಂಗುಲ ಒಳಗೆ ತಗೊಳ್ಳಪ್ಪ,
ಆ ತಪ್ಪು ಮೌಂಟಿನಡಿ ಮುಚ್ಚಿಹೋಗಲಿ."

ಅಕ್ಕಯ್ಯಮ್ಮ ಬಂದದ್ದು ನೂರಕ್ಕೆ ಚಿಲ್ಲರೆ ಕೇಳಲು.
ದಂಟಿನ ಸೊಪ್ಪಿನ ಬುಟ್ಟಿ ಮೆಟ್ಟಿಲ ಮೇಲೆ,
ಒದ್ದೆ ಕೈ ಸೆರಗಿಗೊರೆಸಿ ಬಗ್ಗಿ ನೋಡಿದಳು,
ನೋಡುತ್ತಲೇ ಇದ್ದಳು.

"ಮೂರು ಕಾಲಲ್ಲ ಸಾಬ್ರೇ, ಒಂದೇ ಕಾಲು, ಎರಡು ಸಲ.
ನೊಣ ಕೂತದೆ, ಒದ್ದದೆ.
ಇವಳು ನೋಡು, ಎಡಮೊಣಕೈ ಹೆಂಗೆ ಅಡ್ಡ ಕೊಟ್ಟವಳೆ!
ಚೊಂಬು ಉಳಿಸ್ಕೊಳ್ಳೋ ಕೈ ಅದು."

ತನ್ನ ಮೊಣಕೈ ಮಡಚಿ ಇಟ್ಟಳು
ನನ್ನ ಉಕ್ಕಿನ ಸ್ಕೇಲಿನ ಪಕ್ಕ.
ಮೂಳೆಯ ಮೇಲೊಂದು ತಗ್ಗು, ಹುಣಸೆಬೀಜದಷ್ಟು.
ಸಿದ್ದಾಪುರದ ಓಣಿಯಲ್ಲಿ ಎರಡು ಬೈಕುಗಳ ನಡುವೆ
ಇವತ್ತಿಗೂ ಒಂದನ್ನು ಕಟ್ಟುತ್ತಾಳೆ.
ಅದೂ ಒದೆಯುತ್ತದೆ, ಸೈಲೆನ್ಸರು ತಾಗಿದ ದಿನ.

"ಬರೆಯೋನೂ ಗಟ್ಟಿಗ. ಅದು ಕಾಲು ಕಿತ್ತಿಟ್ಟರೂ
ಎದ್ದು ಹೋಗಿಲ್ಲ."
ಹತ್ತರ ನೋಟು ಎರಡು ಸಲ ಎಣಿಸಿ
ಒಂದು ಹರಿದಿದೆಯೆಂದು ವಾಪಸ್ಸು ಕೊಟ್ಟು ಹೋದಳು.

ಬ್ಲೇಡು ಓರೆ ಹಿಡಿದು ಮೌಂಟು ಕೊಯ್ದೆ.
ಎಡಗಡೆ ಒಂದಂಗುಲ ಜಾಸ್ತಿ ತೆರೆದುಹೋಯ್ತು,
ಕೈ ತಪ್ಪಿತು ಸಾರ್, ಎನ್ನಬೇಕು ಮೇಷ್ಟ್ರಿಗೆ.
ಮೂವತ್ತೊಂದು ವರ್ಷದಲ್ಲಿ ತಪ್ಪಿದ ಕೈಯಲ್ಲ ಇದು,
ಅವರಿಗೂ ಗೊತ್ತು.

ಗಾಜು ಕೂರಿಸುವ ಮುಂಚೆ ದೀಪದಡಿ ಹಿಡಿದಾಗ
ಹಸುವಿನ ತೊಡೆಯ ಮೇಲೆ ಒಂದು ಕರಿ ಚುಕ್ಕಿ.
ಧೂಳೆಂದು ಊದಿದೆ.
ಮತ್ತೆ ಊದಿದೆ.
ಏಳಲಿಲ್ಲ.