ದಾನಿಗೊಂದು ಹುಳ

ಮಿರಜದ ಡಾಕ್ಟರು ಚೀಟಿ ಬರದಾರ:
ಬೆಕ್ಕು ಬ್ಯಾಡ, ನಾಯಿ ಬ್ಯಾಡ, ಪಾರಿವಾಳ ಮೊದಲ ಬ್ಯಾಡ,
ಕೂಸಿನ ಎದಿಯಾಗ ದಮ್ಮು ಐತಿ.
ಕೂದಲಾ ಪುಕ್ಕಾ ಉದುರಸದ್ದು ಏನರೆ ಸಾಕಲಿ
ಅಂತ ನಕ್ಕರಂತ.

ತಂಗಿ ಮಗಳನ್ನ ಅಂಗಡಿ ಕಟ್ಟಿಮ್ಯಾಲೆ ಕುಂದರಿಸಿ,
"ಅಣ್ಣಾ, ಸಣ್ಣ ಸಾಮಾನು ನೋಡಾಂವ ನೀನು,
ಒಂದು ಹುಳ ಆರಿಸಿ ಕೊಡು" ಅಂದು ಬ್ಯಾಂಕಿಗೆ ಹ್ವಾದಳು.
ಮೂವತ್ತೊಂದು ವರ್ಷ, ಜತ್ತ ಬಸ್‌ಸ್ಟ್ಯಾಂಡಿನ ಎದುರು,
ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು
ಮಂದಿ ವ್ಯಾಳ್ಯಾ ರಿಪೇರಿ ಮಾಡೀನಿ.
ಹುಳದ ವ್ಯಾಳ್ಯಾ ಎಷ್ಟಂತ ಯಾರೂ ಕೇಳಿದ್ದಿಲ್ಲ.

ಜೀರಂಗಿ ಸಾಕೂಣು ಅಂದೆ. ಹಸರು ಬಂಗಾರ ಅದು.
ಬೆಂಕಿಪೊಟ್ಟಣದಾಗ ಜಾಲಿ ತಪ್ಪಲಾ ಹಾಕಿ
ಕೊರಳಿಗೊಂದು ದಾರಾ ಕಟ್ಟಿದರ—
"ದಾರ ಯಾಕ?"
ಹಾರಿಹೋಗಬಾರದಂತ.
"ಹಾರಿದರ ಏನಾಕ್ಕೈತಿ?"
ನನ್ನ ದಾರಕ್ಕ ಒಂದಿನ ಮುಂಜಾನೆ ಬರೇ ತಲಿ ಉಳದಿತ್ತು.
ಅದನ್ನ ಹೇಳಲಿಲ್ಲ.

ಇರಿವಿ? ಒಂದು ಇರಿವಿ ಸಾಕಾಕ ಬರೂದಿಲ್ಲ,
ಇಡೀ ಊರು ಸಾಕಬೇಕಾಕ್ಕೈತಿ.
ಚಹಾದಂಗಡಿ ಬಾಬಾಲಾಲ ಅಲ್ಲಿಂದಾನ ಒದರಿದ,
"ಜಿರಳಿ ಸಾಕು ಬೇಟಿ, ಬಡದರೂ ಸಾಯೂದಿಲ್ಲ!"
ದಾನಿ ಖರೇನ ವಿಚಾರ ಮಾಡಿದಳು.
ಚೀಟಿ ತಿರುವಿ ನೋಡಿದೆ, ಜಿರಳೀನೂ ಬ್ಯಾಡಂತ.

ಆವಾಗ ಬಂತದು.
ದೀಪಾವಳಿಗೆ ಶಿಂದೆ ಬಿಟ್ಟುಹೋದ ಗ್ವಾಡಿ ಗಡಿಯಾರ,
ನಾಕೂವರಿಗೆ ನಿಂತದ್ದು, ಯಾರೂ ಕೇಳದ್ದು,
ಅದರ ಕೀಲಿ ತೂತಿನೊಳಗ
ದಾರದಂಥಾ ಸೊಂಟದ ಕುಂಬಾರ ಹುಳ
ಬಾಯಾಗ ಕೆಸರಿನ ಗುಳಗಿ ಹಿಡಕೊಂಡು ನುಗ್ಗಿತು.
ಕೀಲಿ ಕೊಟ್ಟಂಗ ಝುಂಯ್ ಅಂತ ಸಪ್ಪಳ.

"ಇದು ನಂದು."
ಕಡೀತೈತವಾ.
"ಮುಟ್ಟೂದಿಲ್ಲ."
ಪೆಟಗ್ಯಾಗ ಹಿಡಿಯಾಕ ಬರೂದಿಲ್ಲ.
"ಅದs ಬರತೈತಲ್ಲ."

ದಿನಾ ಬಾಲವಾಡಿ ಬಿಟ್ಟಮ್ಯಾಲೆ ಬಂದು
ಎರಡು ಸಲ ಪಂಪು ಎಳಕೊಂಡು, ಉಸಿರು ಹಿಡಿದು,
ಗಾಜಿಗೆ ಮೂಗು ಹಚ್ಚಿ ಕುಂತಳು.
ಸೋಡಾ ಬಾಟ್ಲಿ ಮುಚ್ಚಳದಾಗ ಮಣ್ಣು ಕಲಸಿ ಇಟ್ಟಳು.
ಒಂದಿನ ಇಲ್ಲ, ಎರಡು ದಿನ ಇಲ್ಲ,
ಮೂರನೇ ದಿನ ಆಕಿ ಕೆಸರನ್ನ ಒಯ್ದಿತು ಹುಳ.
ಬಸ್‌ಸ್ಟ್ಯಾಂಡಿಗೆಲ್ಲಾ ಕೇಳೂವಂಗ ಕೂಗಿದಳು,
ಆಮ್ಯಾಲೆ ಕೆಮ್ಮಿದಳು.

ಎಂಟನೇ ದಿನ ತಂತು ಒಂದು ಹಸರು ಹುಳಾ.
ಜೀವ ಐತಿ, ಅಲಗಾಟಿಲ್ಲ.
"ಮಾಮಾ, ಅದು ಅದರ ಕೂಸೇನು?"

ನಮ್ಮವ್ವ ಹೇಳಾಕಿ: ಕೀಟ ತಂದು ಗೂಡಿನಾಗ ಇಟ್ಟು
ಹೊರಗ ಕುಂತು ಝೇಂಕಾರ ಮಾಡತೈತಿ ಭ್ರಮರ,
ಕೇಳಿ ಕೇಳಿ ಕೀಟಾನ ಭ್ರಮರ ಆಕ್ಕೈತಿ,
ಗುರು ಅಂದರ ಹಂಗ.
ಮಠದಾಗ ಅದನ್ನ ಕೇಳೂ ಮುಂದ
ನಾವೆಲ್ಲಾ ಹುಳಾ ಆಗಿ ತಲಿ ತೂಗತಿದ್ದಿವಿ.
ಆದರ ನಾ ಒಂದ್ಸಲ ಹಳೇ ಗೂಡು ಒಡದು
ಭೂತಗನ್ನಡ್ಯಾಗ ನೋಡಿಬಿಟ್ಟೀನಿ.
ಆಗೂದಿಲ್ಲ. ತಿಂತೈತಿ ಮರಿ,
ಕೆಡಬಾರದಂತ ಜೀವಾ ಕಡೀಗೆ ಉಳಿಸಿಕೊಂಡು.

ಯಾವುದು ಹೇಳ್ಲಿ ನಾಕು ವರ್ಷದಾಕಿಗೆ?
ಚಿಮುಟಿಗೆ ಕೆಳಗಿಟ್ಟೆ.
"ಮರೀಗೆ ಕಟ್ಟಿದ ಬುತ್ತಿ ಅದು" ಅಂದೆ.

ಭಾಳ ಹೊತ್ತು ಸುಮ್ಮಕಿದ್ದಳು.
"ಬುತ್ತಿ ಅಳತೈತೇನು?"

ಗೊತ್ತಿಲ್ಲ ಅಂದೆ. ಅದೊಂದು ಖರೇ ಹೇಳಿದೆ.

ಮರುದಿನ ಮುಚ್ಚಳದಾಗ ಮಣ್ಣು ಕಲಸಲಿಲ್ಲ.
ಬೆನ್ನು ತಿರುವಿ ಕುಂತು
ಬಸ್ಸಿನ ಬೋರ್ಡಿನ ಅಕ್ಷರ ಓದಿದಂಗ ಮಾಡಿದಳು.
ಅದರ ಮರುದಿನ ಕಲಸಿದಳು.
ಹಿಂದಿನಕಿಂತ ಸ್ವಲ್ಪ.

ಇಂದು ಶಿಂದೆ ಬಂದಿದ್ದ, ಆರು ತಿಂಗಳಿಗೆ ನೆಪ್ಪಾಗಿ.
"ಝಾಲಂ ಕಾ?"
ನಾ ಬಾಯಿ ತಗಿಯೂದರಾಗ ದಾನಿ ಎದ್ದು
ಅಂಗಡಿ ಬಾಗಲಕ್ಕ ಅಡ್ಡ ನಿಂತು
ಎರಡೂ ಕೈ ಬೆರಳು ತೋರಿಸಿದಳು,
ಮತ್ತ ಮಡಿಚಿ, ಮತ್ತ ತೋರಿಸಿ:
"ಇಷ್ಟು ದಿನ ಆಗೂಮಟಾ ಕೊಡೂದಿಲ್ಲ.
ಒಳಗ ಊಟಕ್ಕ ಕುಂತಾರ."